ಶೆಡ್ಯೂಲ್: ಒಂದು ಚೀಟಿಯ ಕಥೆ



ನಮ್ಮ ಚಿಕ್ಕಪ್ಪ ಸರ್ಕಾರಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದರು. ಡಿಪೋದಲ್ಲಿ 'ಶೆಡ್ಯೂಲ್' ಅಂದ್ರೆ ಒಂದು ಬಸ್ಸು ಆ ದಿನ ಓಡಬೇಕಾದ ಟ್ರಿಪ್ಪುಗಳ ಲೆಕ್ಕ. ಒಂದು ದಿನ ಬೆಳಗ್ಗೆ ಇವರು "ಇವತ್ತು ನನ್ ಶೆಡ್ಯೂಲ್ ಯಾವ್ದು ಸಾರ್?" ಅಂತ ಕೇಳಿದ್ದಕ್ಕೆ, ಅಲ್ಲಿ ಕೂತಿದ್ದ ಒಬ್ಬರು "ನಿಂದು ಹುಟ್ಟಿದ ದಿನಾನೇ ಫಿಕ್ಸ್ ಆಗಿದೆಯಲ್ಲಪ್ಪ" ಅಂದರಂತೆ. ಎಲ್ಲರೂ ನಕ್ಕರಂತೆ. ಚಿಕ್ಕಪ್ಪನೂ ನಕ್ಕರಂತೆ. ಅವತ್ತು ರಾತ್ರಿ ಊಟ ಬಿಟ್ಟು ಮಲಗಿದ್ದನ್ನ ಮಾತ್ರ ನಾನೇ ಕಣ್ಣಾರೆ ನೋಡಿದ್ದೀನಿ.

ಮೊನ್ನೆ ಒಬ್ಬ ಹುಡುಗ "ಅಣ್ಣ, ಎಸ್ಸಿ ಅನ್ನೋ ಹೆಸರು ಬಾಬಾಸಾಹೇಬರು ಸಂವಿಧಾನದಲ್ಲಿ ಕೊಟ್ಟಿದ್ದಲ್ವಾ?" ಅಂತ ಕೇಳಿದ. ಅಲ್ಲಪ್ಪ. ಆ ಪದದ ಕಥೆ ಬಹಳ ಹಿಂದಿನದು. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ರೆ ಓದಿ.

ಕಾಗದ ಬರೋದಕ್ಕೆ ಮುಂಚೆ ನೈಲ್ ನದಿಯ ಪಪೈರಸ್ ಜೊಂಡನ್ನ ಉದ್ದುದ್ದ ಸೀಳಿ, ಸೀಳುಗಳನ್ನ ಜೋಡಿಸಿ ಹಾಳೆ ಮಾಡ್ತಿದ್ರು. ಆ ಸೀಳಿಗೆ ಲ್ಯಾಟಿನ್ನಿನಲ್ಲಿ 'ಸ್ಕೆಡಾ' ಅಂತ ಹೆಸರು. ಗ್ರೀಕಿನಲ್ಲಿ ಸೀಳು, ಚಕ್ಕೆ ಅನ್ನೋ ಅರ್ಥದ ಪದದಿಂದ ಬಂದದ್ದು. ಸಣ್ಣ ಸ್ಕೆಡಾ 'ಸ್ಕೆಡುಲಾ', ಅಂದ್ರೆ ಚೀಟಿ. ಸ್ಪ್ಯಾನಿಷ್‌ನ 'ಸೆದುಲಾ' ಕೂಡ ಇದೇ ಬಳ್ಳಿಯ ಕಾಯಿ. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಇವತ್ತಿಗೂ ಜನರ ಗುರುತಿನ ಚೀಟಿಗೆ ಅದೇ ಹೆಸರು. ಇನ್ನೊಂದು ವಿಷಯ. ಆ ಗ್ರೀಕ್ ಧಾತುವೂ ಸಂಸ್ಕೃತದ 'ಛಿದ್' ಧಾತುವೂ ಒಂದೇ ಮೂಲದವು. ಛಿದ್ರ, ವಿಚ್ಛೇದನ, ಪರಿಚ್ಛೇದ ಎಲ್ಲ ಶೆಡ್ಯೂಲಿನ ದೂರದ ದಾಯಾದಿಗಳು.

ಫ್ರೆಂಚಿನ ಮೂಲಕ 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಾಗ ಇದು ಬರೀ ಬರೆದ ಚೀಟಿ. ಆಮೇಲೆ ಉಯಿಲು, ಕರಾರು ಪತ್ರಗಳಿಗೆ ಹಚ್ಚುವ ಹಾಳೆ ಆಯ್ತು. ಹಚ್ಚಿದ ಹಾಳೆಯಲ್ಲಿ ಇರ್ತಿದ್ದದ್ದು ಹೆಚ್ಚಾಗಿ ಸಾಮಾನು ಸರಂಜಾಮಿನ ಪಟ್ಟಿ, ಹಾಗಾಗಿ ಪಟ್ಟಿಗೇ ಆ ಹೆಸರು ಅಂಟಿಕೊಂಡಿತು. ಪಾರ್ಲಿಮೆಂಟಿನ ಕಾಯ್ದೆಗಳ ಬಾಲದಲ್ಲೂ ಶೆಡ್ಯೂಲು ಬಂತು. ವೇಳಾಪಟ್ಟಿ ಅನ್ನೋ ಅರ್ಥ ತೀರಾ ಈಚಿನದು, 1860ರ ದಶಕದಲ್ಲಿ ರೈಲಿನವರು ತಂದದ್ದು. ಮೊದಲು ಉಚ್ಚಾರಣೆ 'ಸೆಡ್ಯೂಲ್' ಅಂತಿತ್ತು, ಬ್ರಿಟಿಷರು 'ಶೆಡ್ಯೂಲ್' ಮಾಡಿದ್ರು, ಅಮೆರಿಕದಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್ 'ಸ್ಕೆಡ್ಯೂಲ್' ಸರಿ ಅಂದ. ನಮ್ಮ ಕೇರಿಯಿಂದ ಹೋಗಿ ಬೆಂಗಳೂರಿನ ಐಟಿ ಕಂಪನಿ ಸೇರಿದ ಹುಡುಗರು ಮೀಟಿಂಗನ್ನ 'ಸ್ಕೆಡ್ಯೂಲ್' ಮಾಡ್ತಾರೆ, ಸರ್ಟಿಫಿಕೇಟಿನಲ್ಲಿ ಮಾತ್ರ 'ಶೆಡ್ಯೂಲ್ಡ್' ಆಗೇ ಇರ್ತಾರೆ.

ಈಗ ನಮ್ಮ ವಿಷಯಕ್ಕೆ ಬರೋಣ. ಸರ್ಕಾರಿ ಕಡತಗಳಲ್ಲಿ ನಾವು ಆಗ 'ಡಿಪ್ರೆಸ್ಡ್ ಕ್ಲಾಸಸ್', ಅಂದ್ರೆ ತುಳಿಯಲ್ಪಟ್ಟವರು. ತುಳಿದವರು ಯಾರು ಅನ್ನೋದಕ್ಕೆ ಕಡತದಲ್ಲಿ ಕಾಲಂ ಇರಲಿಲ್ಲ ಬಿಡಿ. 1931ರ ಜನಗಣತಿಯ ಕಮಿಷನರ್ ಹಟ್ಟನ್ 'ಎಕ್ಸ್‌ಟೀರಿಯರ್ ಕಾಸ್ಟ್ಸ್', ಹೊರಗಿನ ಜಾತಿಗಳು ಅಂದ. ಅದೇ ವರ್ಷ ದುಂಡುಮೇಜಿನ ಸಭೆಗೆ ಕೊಟ್ಟ ಮನವಿಯಲ್ಲಿ ಬಾಬಾಸಾಹೇಬರೂ ರೆಟ್ಟಮಲೈ ಶ್ರೀನಿವಾಸನ್ ಅವರೂ ಈ ಹೆಸರು ಬೇಡ, ಬದಲಿಸಿ ಅಂತ ಕೇಳಿದ್ದರು. ಅವರು ಸೂಚಿಸಿದ ಹೆಸರುಗಳಲ್ಲಿ 'ಪ್ರೊಟೆಸ್ಟೆಂಟ್ ಹಿಂದೂಗಳು' ಅನ್ನೋದೂ ಒಂದು. ಪ್ರತಿಭಟಿಸುವವರು! ಎಂಥಾ ಹೆಸರು ನೋಡಿ. ಬ್ರಿಟಿಷರು ಒಪ್ಪಲಿಲ್ಲ.

ಒಪ್ಪಿದ್ದು ಗುಮಾಸ್ತರ ಭಾಷೆಯನ್ನ. 1932ರ ಪೂನಾ ಒಪ್ಪಂದ ಆಗಿ, ಮೀಸಲು ಸ್ಥಾನ ಯಾರಿಗೆ ಅಂತ ಹೇಳಬೇಕಾಯ್ತು. 1935ರ ಭಾರತ ಸರ್ಕಾರ ಕಾಯ್ದೆ, ಹಿಂದೆ ಡಿಪ್ರೆಸ್ಡ್ ಕ್ಲಾಸಸ್ ಅನ್ನಿಸಿಕೊಂಡಿದ್ದವರಿಗೆ ಸರಿಹೊಂದುವ ಯಾವ ಜಾತಿಗಳನ್ನ ದೊರೆ ಹೆಸರಿಸ್ತಾರೋ ಅವೇ 'ಶೆಡ್ಯೂಲ್ಡ್ ಕಾಸ್ಟ್ಸ್' ಅಂತು. 1936ರಲ್ಲಿ ಆ ಪಟ್ಟಿ ಹೊರಟಿತು. ಅದು ಬ್ರಿಟಿಷ್ ಪ್ರಾಂತ್ಯಗಳಿಗೆ ಮಾತ್ರ. ಧಾರವಾಡ, ಬಿಜಾಪುರ, ಮಂಗಳೂರು, ಬಳ್ಳಾರಿಯ ನಮ್ಮವರು ಪಟ್ಟಿಗೆ ಬಂದರು. ಮೈಸೂರು, ಹೈದರಾಬಾದ್ ಸಂಸ್ಥಾನದವರು ಬರಲಿಲ್ಲ. ನಮ್ಮಜ್ಜ ಹಳೇ ಮೈಸೂರಿನವರು. ಅವರು 'ಶೆಡ್ಯೂಲ್ಡ್' ಆಗಿದ್ದು 1950ರ ಆಗಸ್ಟಿನ ರಾಷ್ಟ್ರಪತಿ ಆದೇಶದಿಂದ. ಅಸ್ಪೃಶ್ಯರು ಅದಕ್ಕೆ ಮುಂಚೆಯೂ ಆಗಿದ್ದರು, ಅದಕ್ಕೆ ಯಾವ ಆದೇಶವೂ ಬೇಕಿರಲಿಲ್ಲ.

ಬಾಬಾಸಾಹೇಬರು ಮಾಡಿದ್ದೇನಂದ್ರೆ, ಆ ಗುಮಾಸ್ತರ ಪದವನ್ನೇ ಎತ್ತಿಕೊಂಡು 1942ರಲ್ಲಿ ನಾಗಪುರದಲ್ಲಿ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ ಕಟ್ಟಿದ್ದು. ಪಟ್ಟಿಯಲ್ಲಿ ಬಿಡಿಬಿಡಿಯಾಗಿದ್ದ ಜಾತಿಗಳು ಒಂದು ಪಕ್ಷವಾಗಿ ಎದ್ದು ನಿಂತವು.

ಇಲ್ಲಿ ನಮ್ಮ ಕಾರ್ಯಕರ್ತರೂ ಎಡವುವ ಒಂದು ಜಾಗ ಇದೆ. ಸಂವಿಧಾನದಲ್ಲಿ ಇವತ್ತು 12 ಶೆಡ್ಯೂಲುಗಳಿವೆ, ಅವುಗಳಲ್ಲಿ ಒಂದರಲ್ಲೂ ಎಸ್ಸಿ ಪಟ್ಟಿ ಇಲ್ಲ. 341ನೇ ವಿಧಿ ಹೇಳುವಂತೆ ಅದು ರಾಷ್ಟ್ರಪತಿ ಆದೇಶದಲ್ಲಿದೆ. ಒಮ್ಮೆ ಹೊರಟ ಪಟ್ಟಿಗೆ ಸೇರಿಸೋದು, ತೆಗೆಯೋದು ಪಾರ್ಲಿಮೆಂಟಿನ ಕಾನೂನಿಂದ ಮಾತ್ರ ಸಾಧ್ಯ. ಮೊದಲು ಆ ಆದೇಶ ಮುಖ್ಯವಾಗಿ ಹಿಂದೂಗಳಿಗೆ ಸೀಮಿತ. 1956ರಲ್ಲಿ ಸಿಖ್ಖರು ಸೇರಿದರು. ಬಾಬಾಸಾಹೇಬರ ಹಿಂದೆ ಬೌದ್ಧರಾದವರು 1990ರ ತನಕ ಕಾಯಬೇಕಾಯ್ತು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ.

ಇನ್ನು ಕನ್ನಡದ ಕಥೆ. ಕನ್ನಡ ಭಾಷೆಯೂ ಶೆಡ್ಯೂಲ್ಡ್ ಭಾಷೆಯೇ, ಎಂಟನೇ ಶೆಡ್ಯೂಲಿನಲ್ಲಿದೆ. ಆದ್ರೆ ಭಾಷೆಯ ವಿಷಯ ಬಂದಾಗ ಪತ್ರಿಕೆಗಳು 'ಎಂಟನೇ ಪರಿಚ್ಛೇದ' ಅಂತ ಗೌರವದಿಂದ ಬರೀತಾವೆ. ಅದೇ ಇಂಗ್ಲಿಷ್ ಪದ ಜನರಿಗೆ ಬಂದಾಗ 'ಪರಿಶಿಷ್ಟ'. ಪರಿಶಿಷ್ಟ ಅಂದ್ರೆ ಉಳಿದದ್ದು, ಪುಸ್ತಕದ ಕೊನೆಗೆ ಸೇರಿಸಿದ್ದು. ಎಂಜಲಿಗೆ ಹೇಳುವ 'ಉಚ್ಛಿಷ್ಟ'ವೂ ಅದೇ ಧಾತುವಿನದು. ಅನುವಾದಿಸಿದವರು ಬೇಕಂತಲೇ ಮಾಡಿದರು ಅಂತ ನಾನು ಹೇಳ್ತಿಲ್ಲ. ಕಾನೂನಿನ ಕನ್ನಡದಲ್ಲಿ 'ಅನುಸೂಚಿತ' ಅಂತ ಸಾದಾ ಪದ ಇದ್ದರೂ ಊರೆಲ್ಲಾ ಓಡಾಡಿದ್ದು ಮಾತ್ರ ಇದೇ.

ಹೋದ ವರ್ಷ, 2025ರಲ್ಲಿ, ಒಳಮೀಸಲಾತಿ ಸಮೀಕ್ಷೆಗೆ ಟೀಚರಮ್ಮ ಒಬ್ಬರು ಮನೆಗೆ ಬಂದ್ರು. ಚಿಕ್ಕಪ್ಪನ ಸರ್ಟಿಫಿಕೇಟಿನಲ್ಲಿ ಇದ್ದದ್ದು 'ಆದಿ ಕರ್ನಾಟಕ'. ಆ ಹೆಸರಿನ ಒಳಗೆ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ, ಯಾರು ಎಷ್ಟು ಅಂತ ಸರ್ಕಾರಕ್ಕೇ ಗೊತ್ತಿರಲಿಲ್ಲ. ಟೀಚರಮ್ಮ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ಮೂಲ ಜಾತಿ ಯಾವ್ದು ಸಾರ್?" ಅಂದ್ರು. ಜಗಲಿ ಮೇಲೆ ಕೂತಿದ್ದ ಚಿಕ್ಕಪ್ಪ, ಬಸ್ಸಲ್ಲಿ ಸ್ಟಾಪಿನ ಹೆಸರು ಕೂಗ್ತಿದ್ದರಲ್ಲ, ಅದೇ ದನಿಯಲ್ಲಿ ಬೀದಿಗೆಲ್ಲಾ ಕೇಳೋ ಹಾಗೆ, "ಮಾದಿಗ ಅಂತ ಹಾಕ್ಕೊಳಮ್ಮ" ಅಂದ್ರು.