ನೂರು ಜನಕ್ಕೆ ಎಷ್ಟು ಫೋನ್?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಮನೆಯಲ್ಲಿ ಇಬ್ಬರು. ಮಗನ ಮೊಬೈಲ್‌ನಲ್ಲಿ ಎರಡು ಸಿಮ್, ಅಮ್ಮನ ಹತ್ರ ಫೋನೇ ಇಲ್ಲ. ಸರಾಸರಿ ತೆಗೆದರೆ ತಲೆಗೊಂದು ಸಿಮ್! ದೇಶ ದೇಶಗಳನ್ನ ಹೋಲಿಸುವಾಗಲೂ ಇದೇ ಪಜೀತಿ. ಇವತ್ತು ಆ ಅಳತೆಗೋಲಿನ ಕಥೆ.

1865ರಲ್ಲಿ ಪ್ಯಾರಿಸ್‌ನಲ್ಲಿ ಟೆಲಿಗ್ರಾಫ್‌ಗಾಗಿ ಒಂದು ಒಕ್ಕೂಟ ಹುಟ್ಟಿತು. ಅದೇ ಇವತ್ತಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದ್ರೆ ಐಟಿಯು. ಅದು ನೇಮಿಸಿದ ಡೊನಾಲ್ಡ್ ಮೇಟ್ಲೆಂಡ್ ಆಯೋಗ 1985ರ ಜನವರಿಯಲ್ಲಿ ಹೊರತಂದ ವರದಿಯ ಒಂದು ಮಾತು ಎಲ್ಲರನ್ನೂ ಬೆಚ್ಚಿಬೀಳಿಸಿತು: ಇಡೀ ಆಫ್ರಿಕಾ ಖಂಡಕ್ಕಿಂತ ಟೋಕಿಯೊ ಒಂದೇ ನಗರದಲ್ಲಿ ಹೆಚ್ಚು ಟೆಲಿಫೋನ್‌ಗಳಿದ್ದವು. ಆದರೆ ಆಯೋಗ ಇಟ್ಟ ಗುರಿ ಮನೆಗೊಂದು ಫೋನ್ ಅಲ್ಲ, ಎಲ್ಲರ ಕೈಗೆಟಕುವ ದೂರದಲ್ಲಿ ಒಂದು ಫೋನ್.

ಭಾರತ ಹಿಡಿದದ್ದೂ ಇದೇ ದಾರಿ. 1984ರಲ್ಲಿ ಸಿ-ಡಾಟ್ ಶುರುವಾಯ್ತು. ಹಳ್ಳಿಯ ಬಿಸಿಲು, ಧೂಳು ತಡೆದುಕೊಂಡು ಎ.ಸಿ. ಇಲ್ಲದೆ ನಡೆಯೋ ಪುಟ್ಟ ಎಕ್ಸ್‌ಚೇಂಜ್ ತಯಾರಾಯ್ತು. 1986ರಲ್ಲಿ ಅದು ಮೊದಲು ಬಂದದ್ದು ನಮ್ಮ ಕಿತ್ತೂರಿಗೆ! ಆಮೇಲೆ ಊರೂರಲ್ಲಿ ಎಸ್‌ಟಿಡಿ ಬೂತ್. ಲೆಕ್ಕದಲ್ಲಿ ಅದು ಒಂದೇ ಲೈನು, ಮಾತಾಡೋದು ಮಾತ್ರ ಇಡೀ ಬೀದಿ.

2009ರಲ್ಲಿ ಐಟಿಯು ಹೊಸ ಸೂಚ್ಯಂಕ ತಂತು. 11 ಮಾನದಂಡ. ಸೌಲಭ್ಯಕ್ಕೆ ಶೇ 40, ಬಳಕೆಗೆ ಶೇ 40, ಕೌಶಲಕ್ಕೆ ಶೇ 20. ಕೌಶಲ ಅಳೆದದ್ದು ಹೇಗೆ ಗೊತ್ತಾ? ಸಾಕ್ಷರತೆ ಮತ್ತು ಶಾಲಾ-ಕಾಲೇಜು ದಾಖಲಾತಿಯಿಂದ. ಹಲವು ವರ್ಷ ದಕ್ಷಿಣ ಕೊರಿಯಾ ಮೊದಲು. 2017ರಲ್ಲಿ ಐಸ್‌ಲ್ಯಾಂಡ್ ಅದನ್ನ ಹಿಂದಿಕ್ಕಿತು. 176 ದೇಶಗಳಲ್ಲಿ ಭಾರತ 134ನೇದು. ಅಂದ್ರೆ ಟವರ್ ನಿಲ್ಲಿಸಿದ್ರೆ ಸಾಲದು, ಶಾಲೆಯೂ ಲೆಕ್ಕಕ್ಕೆ ಬರ್ತಿತ್ತು.

ಆಮೇಲೆ ಯಾವುದನ್ನ ಅಳೀಬೇಕು ಅನ್ನೋದರಲ್ಲೇ ದೇಶಗಳಿಗೆ ಒಮ್ಮತ ಬರಲಿಲ್ಲ. ಕೆಲವು ವರ್ಷ ಸೂಚ್ಯಂಕವೇ ನಿಂತುಹೋಯ್ತು. 2023ರಲ್ಲಿ ಹೊಸ ರೂಪದಲ್ಲಿ ಮರಳಿತು. ಈಗ ಡೇಟಾ ಬೆಲೆ ಲೆಕ್ಕಕ್ಕೆ ಬರುತ್ತೆ, ಎಷ್ಟು ಜನರ ಹತ್ರ ಸ್ವಂತ ಮೊಬೈಲ್ ಇದೆ ಅನ್ನೋದೂ ಬರುತ್ತೆ. ಎರಡು ಸಿಮ್‌ನ ಮೋಸ ಇಲ್ಲಿ ನಡೆಯಲ್ಲ. ಆದ್ರೆ ಕೌಶಲದ ಭಾಗ ಕೈಬಿಟ್ಟುಹೋಗಿದೆ.

ಕಾಮರ್ಸ್ ಓದಿದವರಿಗೆ ಇದು ಗೊತ್ತು: ಬ್ಯಾಲೆನ್ಸ್ ಶೀಟ್‌ನಲ್ಲಿ ಇಲ್ಲದ್ದಕ್ಕೆ ಬಜೆಟ್ ಸಿಗೋದು ಕಷ್ಟ. ಹಾಗಾಗಿ ಮುಂದಿನ ಸಲ ಇಂಥ ಪಟ್ಟಿ ನೋಡಿದಾಗ ನಮ್ಮ ದೇಶ ಎಷ್ಟನೇದು ಅಂತ ಮಾತ್ರ ನೋಡಬೇಡಿ. ಏನನ್ನ ಎಣಿಸಿದ್ದಾರೆ, ಯಾರನ್ನ ಬಿಟ್ಟಿದ್ದಾರೆ ಅಂತಲೂ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.