ರೊಕೊಕೊ: ಚಿಪ್ಪಿನ ಚೆಲುವು ಮತ್ತು ಅದರ ಬೆಲೆ

ಯುರೋಪಿನ ಇತಿಹಾಸ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಪುನರುಜ್ಜೀವನ, ಕೈಗಾರಿಕಾ ಕ್ರಾಂತಿ ಹಾಗೂ 1789ರ ಫ್ರಾನ್ಸಿನ ಮಹಾಕ್ರಾಂತಿ. ಆ ಕ್ರಾಂತಿಯ ಕಾರಣಗಳನ್ನು ಓದುವಾಗ ‘ರಾಜರೂ ಶ್ರೀಮಂತರೂ ವಿಲಾಸದಲ್ಲಿ ಮುಳುಗಿದ್ದರು’ ಎಂಬ ವಾಕ್ಯ ಬಂದೇ ಬರುತ್ತದೆ. ಆ ವಿಲಾಸ ಕಣ್ಣಿಗೆ ಹೇಗೆ ಕಾಣುತ್ತಿತ್ತು? ಅದನ್ನು ಯಾರ ಕೈಗಳು ಮಾಡಿದವು? ಅದರ ಬೆಲೆಯನ್ನು ಯಾರು ತೆತ್ತರು? ಇವಕ್ಕೆ ಉತ್ತರ ಹುಡುಕಲು ಹೊರಟರೆ ನಾವು ‘ರೊಕೊಕೊ’ ಎಂಬ ಕಲಾಶೈಲಿಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಹುಟ್ಟು ಮತ್ತು ಹೆಸರು

ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ 72 ವರ್ಷ ಆಳಿ 1715ರಲ್ಲಿ ತೀರಿಕೊಂಡ. ಅವನು ಕಟ್ಟಿಸಿದ ವರ್ಸೇಲ್ಸ್ ಅರಮನೆಯಲ್ಲಿ ಎಲ್ಲವೂ ಭವ್ಯ, ಎಲ್ಲವೂ ಗಂಭೀರ. ಅವನ ಮರಿಮಗ ಹದಿನೈದನೇ ಲೂಯಿ ಪಟ್ಟಕ್ಕೆ ಬಂದಾಗ ಐದು ವರ್ಷದ ಬಾಲಕ. ರಾಜಪ್ರತಿನಿಧಿಯಾಗಿದ್ದ ಆರ್ಲಿಯನ್ಸಿನ ಫಿಲಿಪ್ ಆಸ್ಥಾನವನ್ನು ಪ್ಯಾರಿಸಿಗೆ ತಂದ. ವರ್ಸೇಲ್ಸಿನ ಕಟ್ಟುಪಾಡುಗಳಿಂದ ಬೇಸತ್ತಿದ್ದ ಗಣ್ಯರು ನಗರದಲ್ಲಿ ಮನೆ ಕಟ್ಟಿಸಿಕೊಂಡರು. ಹತ್ತಾರು ಮಂದಿ ಕುಳಿತು ಮಾತನಾಡಲು, ಸಂಗೀತ ಕೇಳಲು, ಪುಸ್ತಕ ಚರ್ಚಿಸಲು ದರ್ಬಾರು ಹಾಲ್ ಬೇಕಾಗಿರಲಿಲ್ಲ. ಚಿಕ್ಕದಾದ, ಬೆಳಕು ತುಂಬಿದ ಕೋಣೆ ಸಾಕಾಗಿತ್ತು. ಈ ಕೋಣೆಗಳ ಅಲಂಕಾರವಾಗಿ ಹೊಸ ಶೈಲಿ ಬೆಳೆಯಿತು. ಅಂದರೆ ಕಲೆ ಬದಲಾಗುವ ಮೊದಲು ಬದುಕುವ ರೀತಿ ಬದಲಾಗಿತ್ತು.

ತೋಟಗಳ ಕೃತಕ ಗುಹೆಗಳಲ್ಲಿ ಕಲ್ಲು, ಕಪ್ಪೆಚಿಪ್ಪುಗಳಿಂದ ಮಾಡುವ ಅಲಂಕಾರಕ್ಕೆ ಫ್ರೆಂಚರು ‘ರೊಕಾಯ್’ ಎನ್ನುತ್ತಿದ್ದರು. ‘ರೊಕೊಕೊ’ ಅದರಿಂದ ಬಂದ ಪದ. ಆದರೆ ಈ ಹೆಸರನ್ನು ಇಟ್ಟವರು ಆ ಶೈಲಿಯ ಕಲಾವಿದರಲ್ಲ. ಶೈಲಿ ಹಳತಾದ ಮೇಲೆ, ಶತಮಾನದ ಕೊನೆಯಲ್ಲಿ, ಮುಂದಿನ ತಲೆಮಾರಿನವರು ಗೇಲಿಗಾಗಿ ಬಳಸಿದ ಮಾತು ಅದು.

ಗೋಡೆ, ಚಿತ್ರ, ಪಿಂಗಾಣಿ

ಪ್ಯಾರಿಸಿನ ಸುಬೀಸ್ ಭವನದಲ್ಲಿ ವಾಸ್ತುಶಿಲ್ಪಿ ಜೆರ್ಮೇನ್ ಬೊಫ್ರಾಂ 1730ರ ದಶಕದಲ್ಲಿ ರೂಪಿಸಿದ ಮೊಟ್ಟೆಯಾಕಾರದ ಕೋಣೆ ಈ ಶೈಲಿಗೆ ಉತ್ತಮ ಉದಾಹರಣೆ. ಅಲ್ಲಿ ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಬಿಳಿಯ ಹಲಗೆಗಳ ಮೇಲೆ ಚಿನ್ನದ ಬಳ್ಳಿಗಳು ಹರಿದಾಡುತ್ತವೆ. ಎದುರುಬದುರು ಕನ್ನಡಿಗಳು ಬೆಳಕನ್ನು ಹೆಚ್ಚಿಸುತ್ತವೆ. ನೇರ ಗೆರೆಗಿಂತ ಬಾಗು ಗೆರೆ, ಗಾಢ ಬಣ್ಣಕ್ಕಿಂತ ತಿಳಿಬಣ್ಣ, ಎರಡೂ ಕಡೆ ಸರಿಸಮ ಇರಬೇಕೆಂಬ ನಿಯಮದಿಂದ ಬಿಡುಗಡೆ: ಇವು ರೊಕೊಕೊದ ಮುಖ್ಯ ಲಕ್ಷಣಗಳು.

ಚಿತ್ರಕಲೆಯಲ್ಲಿ ಮೊದಲ ಹೆಸರು ವಾತೊ ಅವರದು. ಅವರು 1721ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ ನಿಧನರಾದರು. ಸಾಯುವುದಕ್ಕೆ ಸ್ವಲ್ಪವೇ ಮೊದಲು ಅವರು ಚಿತ್ರ ಮಾರುವ ಗೆಳೆಯನೊಬ್ಬನ ಅಂಗಡಿಗೆ ಒಂದು ದೊಡ್ಡ ನಾಮಫಲಕ ಬರೆದುಕೊಟ್ಟರು. ಅದರಲ್ಲಿ ಕೆಲಸದವರು ಹದಿನಾಲ್ಕನೇ ಲೂಯಿಯ ಭಾವಚಿತ್ರವನ್ನು ಮರದ ಪೆಟ್ಟಿಗೆಗೆ ಇಳಿಸುತ್ತಿದ್ದಾರೆ. ಒಂದು ಯುಗ ಮುಗಿಯಿತು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ದೊರೆಯ ಆಪ್ತಳಾಗಿದ್ದ ಮದಾಮ್ ಪಾಂಪಡೂರ್ ಈ ಕಲೆಯ ದೊಡ್ಡ ಪೋಷಕಿ. ಬೂಶೆ 1756ರಲ್ಲಿ ಬರೆದ ಚಿತ್ರದಲ್ಲಿ ಆಕೆ ಕೈಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದಾಳೆ. ಅದೇ ವರ್ಷ ಆಕೆಯ ಬೆಂಬಲವಿದ್ದ ಪಿಂಗಾಣಿ ಕಾರ್ಖಾನೆ ಪ್ಯಾರಿಸ್ ಬಳಿಯ ಸೆವ್ರ್ ಎಂಬಲ್ಲಿಗೆ ಬಂದಿತು. ಚೀನಾದ ಪಿಂಗಾಣಿ, ಭಾರತದ ಹತ್ತಿ ಬಟ್ಟೆ ಎರಡಕ್ಕೂ ಯುರೋಪಿನಲ್ಲಿ ಆಗ ಬಹಳ ಬೇಡಿಕೆ. ನಮ್ಮ ಹೂವಿನ ಅಚ್ಚಿನ ಬಟ್ಟೆಗೆ ಹೆದರಿ, ತನ್ನ ನೇಕಾರರನ್ನು ಉಳಿಸಿಕೊಳ್ಳಲು ಫ್ರಾನ್ಸ್ ಸರ್ಕಾರ 1686ರಿಂದ 1759ರವರೆಗೆ ಅದನ್ನು ನಿಷೇಧಿಸಿತ್ತು. ನಿಷೇಧವಿದ್ದರೂ ಬಟ್ಟೆ ಕದ್ದುಮುಚ್ಚಿ ಬರುತ್ತಲೇ ಇತ್ತು!

ಕೆಲಸದ ಕೈಗಳು

ರೊಕೊಕೊ ಕೋಣೆಯನ್ನು ಕೇವಲ ಒಬ್ಬ ಕಲಾವಿದ ಮಾಡಲಾರ. ಕುರ್ಚಿಯ ಚೌಕಟ್ಟು ಮಾಡುವ ಬಡಗಿ ಬೇರೆ, ಕಪಾಟಿಗೆ ಬೆಲೆಬಾಳುವ ಮರದ ತೆಳುಹಾಳೆ ಅಂಟಿಸುವವನು ಬೇರೆ. ಕೆತ್ತನೆಗಾರ, ಲೋಹ ಎರಕದವನು, ಚಿನ್ನದ ಲೇಪ ಕೊಡುವವನು, ಗಾರೆ ಕೆಲಸದವನು, ಪ್ರತಿಯೊಬ್ಬರಿಗೂ ತಮ್ಮದೇ ಸಂಘ, ತಮ್ಮದೇ ಕಟ್ಟಳೆ. ಶತಮಾನದ ಮಧ್ಯಭಾಗದಿಂದ ಪ್ಯಾರಿಸಿನ ಪೀಠೋಪಕರಣ ತಯಾರಕರು ತಮ್ಮ ಕೆಲಸದ ಮೇಲೆ ಹೆಸರಿನ ಮುದ್ರೆ ಒತ್ತಬೇಕಿತ್ತು. ಅದು ಇರುತ್ತಿದ್ದುದು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ.

ಚಿನ್ನದ ಲೇಪದ ಕೆಲಸವಂತೂ ಪ್ರಾಣಕ್ಕೆ ಕುತ್ತು. ಚಿನ್ನವನ್ನು ಪಾದರಸದೊಂದಿಗೆ ಬೆರೆಸಿ ಕಂಚಿನ ಮೇಲೆ ಹಚ್ಚಿ ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ವಿಷದ ಆವಿ ಕೆಲಸಗಾರನ ಉಸಿರಿಗೆ ಸೇರುತ್ತಿತ್ತು. ಇನ್ನೊಂದೆಡೆ, ಈ ಕೋಣೆಗಳಲ್ಲಿ ಕುಳಿತ ಗಣ್ಯರಿಗೆ ದೇಶದ ಮುಖ್ಯ ನೇರ ತೆರಿಗೆಯಿಂದ ವಿನಾಯಿತಿ ಇತ್ತು. ಅದರ ಹೊರೆ ಹೊತ್ತವರು ರೈತರು. ಏಳು ವರ್ಷಗಳ ಯುದ್ಧದ ನಡುವೆ, 1759ರಲ್ಲಿ, ಬೊಕ್ಕಸ ಬರಿದಾದಾಗ ದೊರೆಯ ಬೆಳ್ಳಿಯ ಪಾತ್ರೆಗಳೇ ಟಂಕಸಾಲೆಗೆ ಹೋಗಿ ಕರಗಿದವು.

ಗಡಿ ದಾಟಿದ ಶೈಲಿ

ಫ್ರಾನ್ಸಿನಲ್ಲಿ ಸಿರಿವಂತರ ಕೋಣೆಯೊಳಗಿದ್ದ ಕಲೆ ಬೇರೆಡೆ ಜನಸಾಮಾನ್ಯರ ಬಳಿಗೂ ಬಂದಿತು. ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ ಡೊಮಿನಿಕಸ್ ಜಿಮ್ಮರ್‌ಮನ್ 1745ರಿಂದ 1754ರವರೆಗೆ ಕಟ್ಟಿದ ವೀಸ್ ಚರ್ಚ್ ಒಂದು ಹುಲ್ಲುಗಾವಲಿನ ನಡುವೆ ಇದೆ. ಹೊರಗೆ ಸಾಧಾರಣ, ಒಳಗೆ ಬಿಳಿ, ಚಿನ್ನ, ನೀಲಿಗಳ ಬೆಳಕು. ಅದನ್ನು ನೋಡಿದವರಲ್ಲಿ ಕಾಲ್ನಡಿಗೆಯಲ್ಲಿ ಬಂದ ಹಳ್ಳಿಯ ಯಾತ್ರಿಕರೂ ಇದ್ದರು. 1983ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಸ್ತಾಂಬುಲ್ ನಗರಕ್ಕೂ ಇದರ ಗಾಳಿ ಬೀಸಿತು. ಉಸ್ಮಾನಿ ರಾಯಭಾರಿ ಯಿರ್ಮಿಸೆಕಿಜ್ ಮೆಹ್ಮದ್ ಚೆಲೆಬಿ 1720–21ರಲ್ಲಿ ಫ್ರಾನ್ಸಿಗೆ ಹೋಗಿ, ಅಲ್ಲಿನ ಅರಮನೆ, ತೋಟಗಳ ವಿವರಗಳನ್ನು ಬರೆದಿಟ್ಟರು. ಸುಲ್ತಾನ್ ಒಂದನೇ ಮಹಮೂದ್ 1748ರಲ್ಲಿ ಆರಂಭಿಸಿದ, 1755ರಲ್ಲಿ ಪೂರ್ಣಗೊಂಡ ನೂರುಉಸ್ಮಾನಿಯೆ ಮಸೀದಿಯಲ್ಲಿ ಈ ಬಾಗು ಗೆರೆಗಳು ಕಾಣುತ್ತವೆ. ಅಲ್ಲಿ ಮನುಷ್ಯರೂಪಗಳಿಲ್ಲ, ಎಲೆ, ಚಿಪ್ಪು, ಸುರುಳಿಗಳು ಅರಬಿ ಲಿಪಿಯ ಕುಸುರಿಯೊಂದಿಗೆ ಬೆರೆತಿವೆ. ಮಸೀದಿಯ ಜೊತೆಗೆ ಮದರಸಾ, ಗ್ರಂಥಾಲಯ, ದಾರಿಹೋಕರಿಗೆ ನೀರು ಕೊಡುವ ಕಟ್ಟೆಯೂ ಇವೆ. ಉಸ್ಮಾನಿ ಕುಶಲಕರ್ಮಿಗಳು ನಕಲು ಮಾಡಲಿಲ್ಲ. ಬಂದದ್ದನ್ನು ತಮ್ಮ ನಕ್ಕಾಶಿಗೆ ಒಗ್ಗಿಸಿಕೊಂಡರು.

ಅವನತಿ

ಫ್ರಾನ್ಸಿನಲ್ಲಿ ಟೀಕೆ ಬೇಗನೇ ಶುರುವಾಯಿತು. 1754ರಲ್ಲಿ ಕೊಶೆನ್ ಎಂಬ ಕಲಾವಿದ, ನೇರ ಇರಬೇಕಾದದ್ದನ್ನು ವಿನಾಕಾರಣ ಬಾಗಿಸಬೇಡಿ ಎಂದು ಅಕ್ಕಸಾಲಿಗರಿಗೂ ಕೆತ್ತನೆಗಾರರಿಗೂ ಪತ್ರಿಕೆಯಲ್ಲಿ ವ್ಯಂಗ್ಯದ ಮನವಿ ಬರೆದ. ಚಿಂತಕ ದಿದೆರೊ 1765ರಲ್ಲಿ ಬೂಶೆಯ ಚಿತ್ರಗಳಲ್ಲಿ ನೀತಿಯೂ ಸತ್ಯವೂ ಇಲ್ಲವೆಂದು ಖಂಡಿಸಿದ. ಪಾಂಪೆ ನಗರದ ಉತ್ಖನನ ಪುರಾತನ ರೋಮಿನ ಸರಳತೆಯತ್ತ ಜನರ ಕಣ್ಣು ತಿರುಗಿಸಿತು. ದಾವಿದ್ ಎಂಬ ಚಿತ್ರಕಾರ 1784ರಲ್ಲಿ ಬರೆದ, ದೇಶಕ್ಕಾಗಿ ಪ್ರಾಣ ಕೊಡಲು ಪ್ರತಿಜ್ಞೆ ಮಾಡುವ ರೋಮನ್ ಸಹೋದರರ ಚಿತ್ರ ಹೊಸ ಮನೋಧರ್ಮವನ್ನು ಸಾರಿತು. ರೊಕೊಕೊದ ಕೊನೆಯ ಮಹಾನ್ ಚಿತ್ರಕಾರ ಫ್ರಾಗೊನಾರ್‌ಗೆ ಕ್ರಾಂತಿಯ ನಂತರ ಚಿತ್ರ ಕೊಳ್ಳುವವರಿಲ್ಲದಾಯಿತು. ಕಷ್ಟಕಾಲದಲ್ಲಿ ವಸ್ತುಸಂಗ್ರಹಾಲಯದ ಕೆಲಸ ದೊರಕಲು ನೆರವಾದವನು ವಿರುದ್ಧ ಶೈಲಿಯ ದಾವಿದ್ ಎಂಬುದು ಗಮನಾರ್ಹ.

ಕ್ರಾಂತಿಗೆ ಒಂದು ವರ್ಷ ಮೊದಲು, 1788ರಲ್ಲಿ, ಟಿಪ್ಪು ಸುಲ್ತಾನರ ರಾಯಭಾರಿಗಳು ಹದಿನಾರನೇ ಲೂಯಿಯನ್ನು ವರ್ಸೇಲ್ಸಿನಲ್ಲಿ ಕಂಡರು. ಅಷ್ಟರಲ್ಲಿ ರೊಕೊಕೊ ಹಳೆಯ ಫ್ಯಾಷನ್ ಆಗಿತ್ತು. ಆದರೆ ಅದರ ಕಾಲದಲ್ಲಿ ಬೆಳೆದ ಸೆವ್ರ್ ಕಾರ್ಖಾನೆಯ ಪಿಂಗಾಣಿ ಅವರಿಗೆ ಉಡುಗೊರೆಯಾಗಿ ದೊರೆಯಿತು. ಟಿಪ್ಪು ಅಲ್ಲಿಂದ ಬಯಸಿದ್ದು ಸೇನಾ ನೆರವನ್ನಷ್ಟೇ ಅಲ್ಲ, ನುರಿತ ಕುಶಲಕರ್ಮಿಗಳನ್ನೂ ಕಳುಹಿಸಬೇಕೆಂದು ಕೇಳಿದ್ದರು. ವಸ್ತುವಿಗಿಂತ ಅದನ್ನು ಮಾಡಬಲ್ಲ ಕೈ ದೊಡ್ಡದೆಂಬುದನ್ನು ಮೈಸೂರಿನ ದೊರೆ ಅರಿತಿದ್ದರು.

ರೊಕೊಕೊವನ್ನು ಬರೀ ವಿಲಾಸವೆಂದು ತಳ್ಳಿಹಾಕುವುದು ಸುಲಭ. ಬರೀ ಸೌಂದರ್ಯವೆಂದು ಹೊಗಳುವುದೂ ಸುಲಭ. ಎರಡೂ ಅರ್ಧ ಸತ್ಯ. ಇತಿಹಾಸದ ವಿದ್ಯಾರ್ಥಿ ಯಾವುದೇ ಸುಂದರ ವಸ್ತುವಿನ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಬೇಕು: ಮಾಡಿದವರು ಯಾರು, ಅನುಭವಿಸಿದವರು ಯಾರು, ಬೆಲೆ ತೆತ್ತವರು ಯಾರು? ಅನ್ಯಾಯದ ವ್ಯವಸ್ಥೆ ಅಳಿಯಬೇಕಾದದ್ದೇ. ಆದರೆ ಅದರೊಡನೆ ಕಲಿತ ಕೈಗಳ ವಿದ್ಯೆಯೂ ಅಳಿಯಬಾರದು. ಕುರ್ಚಿಯ ಅಡಿಯಲ್ಲಿ ಒತ್ತಿದ ಆ ಪುಟ್ಟ ಮುದ್ರೆಯನ್ನು ಬಗ್ಗಿ ನೋಡುವುದೂ ಇತಿಹಾಸದ ಅಧ್ಯಯನವೇ.