ಕಾಗದ, ಕತ್ತರಿ ಮತ್ತು ಬೇಲಿಯ ಲೆಕ್ಕ

ಇಚಿಲಂಪಾಡಿ: ತೋಟದ ವಿಸ್ತೀರ್ಣವನ್ನು ಸೆಂಟ್ಸ್‌ಗಳಲ್ಲಿ ಹೇಳುವ ಕಡಬ ತಾಲೂಕಿನ ಕೃಷಿಕರಿಗೆ ಬೇಲಿಯ ಖರ್ಚು ತಗಲುವುದು ಸುತ್ತಳತೆಯ ಮೇಲೆ. ಇವೆರಡೂ ಒಟ್ಟಿಗೇ ಹೆಚ್ಚಿ ಒಟ್ಟಿಗೇ ಕುಗ್ಗುತ್ತವೆ ಎಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಷ್ಟೇ ಅಲ್ಲ, ಹಿರಿಯರಲ್ಲೂ ಇದೆ. ಅದನ್ನು ನೀಗಿಸಲು ಒಂದು ಹಾಳೆ, ಒಂದು ಕತ್ತರಿ ಸಾಕು.

12 ಸೆಂ.ಮೀ. ಬದಿಯ ಚೌಕ ಕಾಗದದ ವಿಸ್ತೀರ್ಣ 144 ಚದರ ಸೆಂ.ಮೀ., ಸುತ್ತಳತೆ 48 ಸೆಂ.ಮೀ. ಇದರ ಮೂಲೆಯಿಂದ 3 ಸೆಂ.ಮೀ. ಬದಿಯ ಚೌಕವೊಂದನ್ನು ಕತ್ತರಿಸಿ ತೆಗೆದರೆ ವಿಸ್ತೀರ್ಣ 135ಕ್ಕೆ ಇಳಿಯುತ್ತದೆ. ಸುತ್ತಳತೆ ಮಾತ್ರ 48 ಆಗಿಯೇ ಉಳಿಯುತ್ತದೆ. ಹೋದ ಎರಡು ಅಂಚುಗಳ ಬದಲಿಗೆ ಅಷ್ಟೇ ಉದ್ದದ ಎರಡು ಹೊಸ ಅಂಚುಗಳು ಮೂಡುವುದೇ ಇದಕ್ಕೆ ಕಾರಣ. ಅದೇ ಚೌಕವನ್ನು ಬದಿಯ ನಡುವಿನಿಂದ ತೆಗೆದರೆ ಒಂದು ಅಂಚು ಹೋಗಿ ಮೂರು ಬರುತ್ತವೆ, ಸುತ್ತಳತೆ 54 ಆಗುತ್ತದೆ. ಜಾಗ ಹೋಯಿತು, ಬೇಲಿ ಬೆಳೆಯಿತು!

ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ, ವಿಸ್ತೀರ್ಣ ಹಾಗೂ ಸುತ್ತಳತೆಯ ಸಂಖ್ಯೆಗಳು ಸಮನಾಗುವ ಆಕೃತಿಗಳನ್ನು ಹುಡುಕುವ ಸಮಸ್ಯೆಗಳಿವೆ. ಆ ಭಾಗಕ್ಕೆ ಆತನಿಟ್ಟ ಹೆಸರು ‘ಪೈಶಾಚಿಕ’. ಆದರೆ ಕತ್ತರಿ ಹಿಡಿದ ಮಗುವಿಗೆ ಅಂತಹ ಭಯವೇನೂ ಬೇಕಿಲ್ಲ: 4 ಸೆಂ.ಮೀ. ಬದಿಯ ಚೌಕದಲ್ಲಿ ಎರಡೂ 16, ಉದ್ದ 6, ಅಗಲ 3 ಸೆಂ.ಮೀ. ಇರುವ ಆಯತದಲ್ಲಿ ಎರಡೂ 18.